ಹಾಳೆಟೋಪಿ ಮೊಳೆಯಲ್ಲೇ ಇರಲಿ

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ನಾನಿರುವುದು ಬೆಂಗಳೂರಿನಲ್ಲಿ, ವಯಸ್ಸು 41. ಕಳೆದ ಆಷಾಢದಲ್ಲಿ ಅಪ್ಪ ಹೃದಯಾಘಾತವಾಗಿ ಹೋದರು. ಸುದ್ದಿ ಬಂದ ರಾತ್ರಿಯೇ ಹೊರಟೆ. ಮಂಡಗದ್ದೆ ಹತ್ತಿರ ಮರ ಬಿದ್ದು ರಸ್ತೆ ಬಂದ್ ಆಗಿತ್ತು. ಮನೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಆಗ ಊರಲ್ಲೇ ಇದ್ದ, ಮಳೆ ಜಾಸ್ತಿ ಅಂತ ಕಾಯಲಿಲ್ಲ. ಅಮ್ಮನಿಗೆ 67, ಒಬ್ಬಳೇ ಇದ್ದಾಳೆ. ಎರಡು ಎಕರೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಅಮ್ಮ ಅತ್ತಿದ್ದು ನಾನು ನೋಡಿಲ್ಲ. ದಿನಾ ತೋಟಕ್ಕೆ ಹೋಗಿ ಬರುತ್ತಾಳೆ. ಅಪ್ಪನ ಹಾಳೆಟೋಪಿ (ಅಡಿಕೆ ಹಾಳೆಯಿಂದ ಮಾಡಿದ್ದು) ಇನ್ನೂ ಮೊಳೆಯಲ್ಲೇ ಇದೆ, ತೆಗೆದಿಡಲು ಹೋದರೆ ಬೈದಳು. ಪುಣೆಯಲ್ಲಿರುವ ಅಣ್ಣ, ‘ವರ್ಷಾಂತಿಕ ಮುಗಿಸಿ ತೋಟ ಮಾರೋಣ, ಗಿರಾಕಿ ಸಿಕ್ಕಿದ್ದಾರೆ, ಅಮ್ಮನನ್ನು ನೀನು ಕರೆದುಕೊಂಡು ಹೋಗು’ ಅನ್ನುತ್ತಾನೆ. ಮಾರಲು ಮನಸ್ಸಿಲ್ಲ, ನೋಡಿಕೊಳ್ಳಲು ಆಗುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಇಲ್ಲಿ ಪೂರ್ತಿ ಹಾಕಿಲ್ಲ. ತೋಟದ ಬಗ್ಗೆ ನೀವು ಬರೆದಿದ್ದು ಎಂಟು ಸಾಲು. ಮಂಡಗದ್ದೆಯ ಆ ರಾತ್ರಿಯ ಬಗ್ಗೆ ಎರಡು ಪುಟ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

‘ನಿಮ್ಮದೇನೂ ತಪ್ಪಿಲ್ಲ’ ಅಂತ ನಾನು ಹೇಳುವುದಿಲ್ಲ. ಅದನ್ನು ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ಕೇಳಿ ಕೇಳಿ ಬೇಜಾರೂ ಬಂದಿರುತ್ತದೆ. ಅಪ್ಪನ ಮುಖ ನೋಡಲು ಆಗಲಿಲ್ಲ. ಅದು ನಷ್ಟವೇ. ಅದನ್ನು ತುಂಬಿಕೊಡುವ ಮಾತು ನನ್ನ ಹತ್ತಿರ ಇಲ್ಲ. ಆದರೆ ಒಂದು ಗಮನಿಸಿದೆ. ಅಣ್ಣನ ಮೇಲೆ ಸಿಟ್ಟಿದೆ ಅಂತ ನೀವು ಎಲ್ಲೂ ಬರೆದಿಲ್ಲ. ‘ಕಾಯಲಿಲ್ಲ’ ಅನ್ನುವ ಪದ ಮಾತ್ರ ನಾಲ್ಕು ಸಲ ಬಂದಿದೆ.

ಆಗ ಕಾಯಲಿಲ್ಲ. ಈಗ ತೋಟದ ವಿಷಯದಲ್ಲೂ ಕಾಯುತ್ತಿಲ್ಲ. ನಿಮ್ಮ ಹೊಟ್ಟೆಯೊಳಗೆ ಉರಿಯುತ್ತಿರುವುದು ಇದೇ ಅಲ್ವಾ? ಅದನ್ನು ತೋಟದ ಜೊತೆ ಕಟ್ಟಿಹಾಕಬೇಡಿ. ಅಣ್ಣನಿಗೆ ಫೋನ್ ಮಾಡಿ, ಮಾರಾಟದ ಮಾತೇ ಎತ್ತದೆ, ಆ ದಿನದ ಬಗ್ಗೆ ಮಾತ್ರ ಕೇಳಿ. ಯಾರ್‍ಯಾರಿದ್ದರು, ಸೌದೆ ಎಲ್ಲಿಂದ ತಂದರು, ಅಪ್ಪನಿಗೆ ಯಾವ ಪಂಚೆ ಉಡಿಸಿದರು ಅಂತ. ಸುರಿಯುವ ಮಳೆಯಲ್ಲಿ ಅಪ್ಪನನ್ನು ಕಳಿಸಿಕೊಟ್ಟವನು ಅವನು. ಅದನ್ನು ಅವನೂ ಯಾರ ಹತ್ತಿರವೂ ಹೇಳಿಕೊಂಡಿರಲಿಕ್ಕಿಲ್ಲ. ಜಗಳ ಆಗಬಹುದು. ಆಗಲಿ. ವರ್ಷಾಂತಿಕದ ದಿನ ಊಟದ ಪಂಕ್ತಿಯಲ್ಲಿ ಆಗುವುದಕ್ಕಿಂತ ಮೊದಲೇ ಆಗಿಹೋಗುವುದು ವಾಸಿ.

ಇನ್ನು ಅಮ್ಮ. ಅವರು ಅಳುತ್ತಿಲ್ಲ ಅಂತ ನಿಮಗೆ ಭಯ. ನನ್ನ ಯಜಮಾನರು ಹೋದಾಗ ನಾನೂ ಅತ್ತಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಹಿತ್ತಲಿನ ಕಾಳುಮೆಣಸಿನ ಬಳ್ಳಿ ಕಟ್ಟಲು ಹೋದೆ. ಬಾಳೆಪಟ್ಟೆ ಹರಿದು ಗಂಟು ಹಾಕುವಾಗ ಗಂಟು ನಿಲ್ಲಲೇ ಇಲ್ಲ, ಮೂರು ಸಲ ಬಿಚ್ಚಿಕೊಂಡಿತು. ಆಗ ಅಳು ಬಂತು. ನೋಡುವವರು ಅಲ್ಲಿ ಯಾರೂ ಇರಲಿಲ್ಲ. ನಿಮ್ಮಮ್ಮ ತೋಟದಲ್ಲಿ ಏನು ಮಾಡುತ್ತಾರೋ ನಿಮಗೆ ಗೊತ್ತಿಲ್ಲ.

ಹಾಗಂತ ಪ್ರಕೃತಿ ಮಡಿಲು, ಸಾಂತ್ವನ ಅನ್ನುವ ಮಾತೆಲ್ಲ ನನಗೆ ಆಗಿಬರುವುದಿಲ್ಲ. ಎಲೆಚುಕ್ಕಿ ತರುವ ಶಿಲೀಂಧ್ರವೂ ಪ್ರಕೃತಿಯೇ. 2022ರಲ್ಲಿ ನಿಮ್ಮ ಕಡೆ ಅದು ಜೋರಾದಾಗ, ಹಸಿರಾಗಿದ್ದ ತೋಟಗಳು ಸುಟ್ಟ ಹಾಗೆ ಆಗಿದ್ದನ್ನು ನೀವೂ ನೋಡಿದ್ದೀರಿ. ಅಡಿಕೆ ಮರದಲ್ಲಿ ಒಂದೊಂದು ಸೋಗೆಯ, ಅಂದರೆ ಗರಿಯ, ಬುಡದಲ್ಲಿ ಒಂದೊಂದು ಸಿಂಗಾರ, ಅಂದರೆ ಹೂಗೊಂಚಲು. ಸೋಗೆ ಒಣಗಿದರೆ ಮುಂದಿನ ಫಸಲಿಗೂ ಪೆಟ್ಟು. ತೋಟ ಯಾರನ್ನೂ ಸಂತೈಸುವುದಿಲ್ಲ. ಅದು ಕೆಲಸ ಹೇಳುತ್ತದೆ, ಅಷ್ಟೆ. ಮಳೆ ಹಿಡಿಯುವ ಮೊದಲು, ಕಾಯಿ ಕೊಳೆಸುವ ಕೊಳೆರೋಗಕ್ಕೆ ಒಂದು ಔಷಧಿ ಹೊಡೆಸಬೇಕು, 40-45 ದಿನ ಬಿಟ್ಟು ಇನ್ನೊಂದು. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇದೇ ಬೋರ್ಡೋ ದ್ರಾವಣ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬರುವ ದಿನ ಅಮ್ಮ ಮಲಗಿರಲು ಆಗುವುದಿಲ್ಲ, ಎದ್ದು ಅವನಿಗೆ ತಿಂಡಿ ಮಾಡಬೇಕು. ದುಃಖದಲ್ಲಿರುವವರನ್ನು ಬೆಳಿಗ್ಗೆ ಏಳಿಸುವುದಕ್ಕೆ ಇಷ್ಟು ಸಾಕಾಗುತ್ತದೆ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಅವರನ್ನು ಏಳಿಸುವುದು ಏನು ಅಂತ ನೀವೇ ಯೋಚನೆ ಮಾಡಿ.

(ಕೊಳೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಈ ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆಗೆ ಹೊಡೆಸಿ ತೋರಿಸಿದ್ದು ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ, ನೂರು ವರ್ಷಕ್ಕೂ ಹಿಂದೆ. ಅದಕ್ಕೆ ಮೊದಲು ಕೊಳೆ ಬಂತೆಂದರೆ ನಿಮ್ಮ ಮುತ್ತಜ್ಜನ ಕಾಲದವರಿಗೂ ಇದೇ ಎದೆಬಡಿತ ಇದ್ದಿರಬೇಕು.)

ಈ ಒಂದು ವರ್ಷ ಮಾರಬೇಡಿ. ಮಾರಲೇಬಾರದು ಅಂತ ಅಲ್ಲ. ರೋಗ ಬಂದ ತೋಟಕ್ಕೆ ಈಗ ಸಿಗುವುದು ರೋಗದ ರೇಟು, ಗಿರಾಕಿಗೆ ಅದು ಚೆನ್ನಾಗಿ ಗೊತ್ತು. ಅಪ್ಪ ವಿಲ್ ಬರೆದಿಲ್ಲ ಅಂದಿದ್ದೀರಿ. ಹಾಗಾದರೆ ಅಮ್ಮನಿಗೂ ಪಾಲಿದೆ, ನಿಮಗೂ ಇದೆ. ನಿಮ್ಮಿಬ್ಬರ ಸಹಿ ಇಲ್ಲದೆ ಅಣ್ಣ ಒಬ್ಬನೇ ಪೂರ್ತಿ ತೋಟ ಮಾರಲು ಬರುವುದಿಲ್ಲ. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಪಹಣಿಯಲ್ಲಿ ಅಮ್ಮನ ಹೆಸರು ಬರಲಿ. ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಡಿ. ಕೊಯ್ಯುವುದು, ಸುಲಿಯುವುದು, ಬೇಯಿಸುವುದು ಯಾವುದೂ ಅಮ್ಮನ ತಲೆಗೆ ಬರುವುದಿಲ್ಲ. ಚುಕ್ಕಿ ಹಿಡಿದ ಸೋಗೆ ಕಡಿಸಿ ಸುಡಿಸಿ. ಆದರೆ ಇದು ಗಾಳಿಮಳೆಯಲ್ಲಿ ಹರಡುವ ರೋಗ. ಪಕ್ಕದ ತೋಟದವರು ಸುಮ್ಮನೆ ಕೂತರೆ ನಿಮ್ಮ ಖರ್ಚು ದಂಡ. ಅಕ್ಕಪಕ್ಕದವರನ್ನೆಲ್ಲ ಸೇರಿಸಿ ತೋಟಗಾರಿಕೆ ಇಲಾಖೆಯವರನ್ನು ಕರೆಸಿ. ಇಷ್ಟು ಫೋನಿನಲ್ಲೇ ಆಗುವ ಕೆಲಸ, ಇದನ್ನು ನೀವು ವಹಿಸಿಕೊಳ್ಳಿ. ಮುಂದಿನ ವರ್ಷ ಅಮ್ಮನೇ ‘ಸಾಕು, ಮಾರಿ’ ಅಂದರೆ ಆಗ ಮಾರಿ. ಅವರನ್ನು ಯಾರಾದರೂ ಕೇಳಿದ್ದಾರಾ? ಪತ್ರದಲ್ಲಿ ನನಗೆ ಕಾಣಲಿಲ್ಲ.

ಅಮ್ಮ ಊಟ ಬಿಟ್ಟರೆ, ರಾತ್ರಿಗಳು ನಿದ್ದೆಯಿಲ್ಲದೆ ಹೋಗುತ್ತಿದ್ದರೆ, ‘ನಾನಿದ್ದು ಏನಾಗಬೇಕು’ ಅನ್ನುವ ಮಾತು ಬಂದರೆ ತಡ ಮಾಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ಪುಟ ಬರೆದ ನಿಮಗೂ ಆ ನಂಬರ್ ಬೇಕಾಗಬಹುದು, ಬರೆದಿಟ್ಟುಕೊಳ್ಳಿ.

ವರ್ಷಾಂತಿಕಕ್ಕೆ ಒಂದು ವಾರ ಮೊದಲೇ ಊರಿಗೆ ಹೋಗಿ. ಒಂದು ಬೆಳಿಗ್ಗೆ ಅಮ್ಮನ ಹಿಂದೆ ತೋಟಕ್ಕೆ ನಡೆಯಿರಿ, ನೀವಾಗಿ ಏನೂ ಕೇಳಬೇಡಿ. ಟೋಪಿ ಮುಟ್ಟಬೇಡಿ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಬರುತ್ತದೆ. ಬಿಸಿಲು ಬಿದ್ದ ದಿನ ಅಮ್ಮನೇ ತೆಗೆದು ಅಂಗಳದಲ್ಲಿ ಒಣಗಿಸುತ್ತಾರೆ.