ಹಿನ್ನೀರು ಇಳಿಯುವ ಕಾಲಕ್ಕೆ ಹಕ್ಕಿ ಮತ್ತು ದಂಡೆಯ ಫೋಟೋ: ನವನಗರದ ಅಕ್ಕಾರಿಗೆ ಉತ್ತರ

ಅಕ್ಕಾರೇ, ನಮಸ್ಕಾರ. ನೀವು ಕೇಳಿದ್ದು ಇಷ್ಟು. ಹೋಳಿಯಿಂದ ಮೇ ಕೊನೆಯವರೆಗೆ ಆಲಮಟ್ಟಿ ಹಿನ್ನೀರಿನ ಹಕ್ಕಿಗಳನ್ನೂ ತೆಗೆಯಬೇಕು, ಹಳೇ ಬಾಗಲಕೋಟೆಯ ಮುಳುಗಡೆ ದಂಡೆ ಬದಲಾಗೋದನ್ನೂ ತೆಗೆಯಬೇಕು. ಕೈಯಲ್ಲಿ 70-300 ಲೆನ್ಸ್ ಇದೆ (ಇವು ಎಂಎಂ ಲೆಕ್ಕ, ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ). 150-600 ತಗೋಬೇಕಾ ಅಂತ ಯೋಚನೆ. ನಮ್ಮ ಫೋಟೋ ಗುಂಪಿನಲ್ಲಿ ನಿಮಗೆ ಉತ್ತರ ಕೊಟ್ಟವರೆಲ್ಲ ಲೆನ್ಸ್ ಬಗ್ಗೆನೇ ಹೇಳಿದ್ದಾರೆ. ನಾನು ಅದನ್ನ ಕೊನೆಗೆ ಇಟ್ಟುಕೊಳ್ಳುತ್ತೇನೆ, ಯಾಕಂದ್ರೆ ಇಲ್ಲಿ ಲೆನ್ಸಿಗಿಂತ ನೀರಿನ ಮಟ್ಟ ಮುಖ್ಯ.

ಪೇಪರಿನಲ್ಲಿ ದಿನಾ ಜಲಾಶಯಗಳ ಮಟ್ಟ ಬರುತ್ತಲ್ಲ, ಅದನ್ನ ನೋಡೋ ರೂಢಿ ಮಾಡಿಕೊಳ್ಳಿ. ಆಲಮಟ್ಟಿ ತುಂಬಿದಾಗ ಸಮುದ್ರ ಮಟ್ಟದಿಂದ 519.60 ಮೀಟರ್. ಕಾಲುವೆಗೆ ನೀರು ಹರಿದಂತೆ ಬೇಸಿಗೆಗೆ ಮಟ್ಟ ಇಳಿಯುತ್ತಾ ಹೋಗುತ್ತದೆ. ನಮ್ಮ ಕಡೆ ದಂಡೆ ಬಹಳ ಕಡೆ ಚಪ್ಪಟೆ, ಹಾಗಾಗಿ ಮಟ್ಟ ಅರ್ಧ ಅಡಿ ಇಳಿದರೂ ನೀರಿನ ಅಂಚು ಎಷ್ಟೋ ದೂರ ಹಿಂದೆ ಸರಿಯುತ್ತದೆ. ಹಕ್ಕಿಗಳು ಆ ಅಂಚಿನ ಜೊತೆಗೇ ಸರಿಯುತ್ತವೆ. ರಾಜಹಂಸಗಳು (ಫ್ಲೆಮಿಂಗೋ) ತಲೆ ಕೆಳಗೆ ಮಾಡಿ ಕೊಕ್ಕಿನಿಂದ ನೀರು ಸೋಸಿ ತಿನ್ನೋವು, ಅವಕ್ಕೆ ಮೊಣಕಾಲುದ್ದದ ನೀರೇ ಬೇಕು. ಹೋದ ವಾರ ನಿಂತ ಜಾಗ ಈ ವಾರ ಒಣ ಕೆಸರು. "ಅಲ್ಲಿ ಹೋದೆ, ಒಂದೂ ಇರಲಿಲ್ಲ" ಅಂತ ಗುಂಪಿನಲ್ಲಿ ಬೇಜಾರು ಮಾಡಿಕೊಳ್ಳೋರು ಸಾಮಾನ್ಯವಾಗಿ ಹಳೇ ಲೊಕೇಶನ್ ಹಿಡಿದು ಹೋದವರು.

ಜಾಗದ ಮಾತು ಬಂದರೆ, ನವನಗರದಿಂದ, ಅಂದ್ರೆ ಹೊಸ ಬಾಗಲಕೋಟೆಯಿಂದ, ನಿಮಗೆ ಹತ್ತಿರ ಆಗೋದು ಅನಗವಾಡಿ, ಹೆರಕಲ್ ಕಡೆಯ ಘಟಪ್ರಭಾ ಹಿನ್ನೀರು. ಆಮೇಲೆ ಚಿಕ್ಕಸಂಗಮದ ಕಡೆ. ಇಷ್ಟೇ ಸಾಕು. ಕೊಲ್ಹಾರ ಸೇತುವೆ, ಕೂಡಲಸಂಗಮ ಅಂತ ಎಲ್ಲ ಕಡೆ ಓಡಾಡಿದರೆ ಪೆಟ್ರೋಲ್ ಖರ್ಚು ಜಾಸ್ತಿ, ಫೋಟೋ ಕಡಿಮೆ. ಪಟ್ಟೆತಲೆ ಹೆಬ್ಬಾತು, ಚಕ್ರವಾಕದಂಥ ಚಳಿಗಾಲದ ಅತಿಥಿಗಳು ಬೇಕಿದ್ದರೆ ತಡ ಮಾಡಬೇಡಿ, ಬಿಸಿಲು ಏರುತ್ತಿದ್ದಂತೆ ಅವು ಉತ್ತರಕ್ಕೆ ಹೊರಡುತ್ತವೆ.

ಈಗ ದಂಡೆಯ ಫೋಟೋ. ಇದಕ್ಕೆ ಒಂದೇ ಕೆಲಸ: ಎರಡು ಮೂರು ಜಾಗ ಗಟ್ಟಿ ಮಾಡಿಕೊಂಡು, ಪ್ರತಿ ಸಲ ಅಲ್ಲಿಂದಲೇ ಅದೇ ಚೌಕಟ್ಟು ತೆಗೆಯೋದು. ಹತ್ತಿರ ಒಂದು ಕರೆಂಟ್ ಕಂಬ, ದೂರದಲ್ಲಿ ಒಂದು ಗುಡಿಯ ಶಿಖರ ಆರಿಸಿಕೊಳ್ಳಿ. ಎರಡೂ ಒಂದೇ ಗೆರೆಗೆ ಬರೋ ಹಾಗೆ ನಿಂತರೆ ಜಾಗ ತಪ್ಪೋದಿಲ್ಲ. ಮೊದಲನೇ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಲಿಸಿ. ಈ ಫೋಟೋಕ್ಕೆ ಜೂಮ್ ಮುಟ್ಟಬೇಡಿ. ಕ್ಯಾಮೆರಾ ಜೊತೆಗೇ ಬರೋ ಕಿಟ್ ಲೆನ್ಸಿನ 35 ಎಂಎಂಗೆ ಇಟ್ಟು, ಕ್ಯಾಮೆರಾ ಎದೆ ಮಟ್ಟಕ್ಕೆ ಹಿಡಿಯಿರಿ.

ಸಮಯದ ವಿಷಯದಲ್ಲಿ ಒಂದು ತೊಡಕು ಇದೆ. ಗಡಿಯಾರ ನೋಡಿ ಅದೇ ಗಂಟೆಗೆ ಹೋದರೆ ಬೆಳಕು ಅದೇ ಇರೋದಿಲ್ಲ. ಫೆಬ್ರುವರಿಯಲ್ಲಿ ಏಳರ ಹತ್ತಿರ ಹುಟ್ಟೋ ಸೂರ್ಯ, ಮೇನಲ್ಲಿ ಆರು ಗಂಟೆಗೆಲ್ಲ ಬಂದಿರುತ್ತಾನೆ, ಅದೂ ಉತ್ತರಕ್ಕೆ ಸರಿದು. ಮೇ ಮೊದಲ ವಾರದ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಗೋಡೆಗೆ, ಕಂಬಕ್ಕೆ ನೆರಳೇ ಇರೋದಿಲ್ಲ, ಬಿದ್ದ ಮನೆಯ ಫೋಟೋ ಚಪ್ಪಟೆಯಾಗಿ ಬರುತ್ತದೆ. ಅದಕ್ಕೇ "ಸೂರ್ಯ ಹುಟ್ಟಿ ಒಂದು ತಾಸಿಗೆ" ಅಂತ ಲೆಕ್ಕ ಇಟ್ಟುಕೊಳ್ಳಿ.

ಇದನ್ನ ಈ ವರ್ಷವೇ ಶುರು ಮಾಡಿ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ರಾಜ್ಯಗಳಿಗೆ ಕೃಷ್ಣಾ ನೀರು ಹಂಚೋ ಎರಡನೇ ನ್ಯಾಯಮಂಡಳಿ 2010ರಲ್ಲೇ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಈಗಿನದಕ್ಕಿಂತ ಹೆಚ್ಚುಕಡಿಮೆ 15 ಅಡಿ ಮೇಲೆ. ಅದು ಜಾರಿಯಾದ ದಿನ ನೀವು ನಿಂತ ದಂಡೆ, ಆ ಕಂಬ, ಈ ಎರೆ ಹೊಲ ಬಹಳಷ್ಟು ನೀರಿನಡಿ ಹೋಗುತ್ತವೆ. ರಾಜಹಂಸದ ಫೋಟೋ ಸಾವಿರ ಜನರ ಹತ್ತಿರ ಇರುತ್ತೆ. ಒಂದೇ ಜಾಗದಿಂದ ತೆಗೆದ ದಂಡೆಯ ಸಾಲು ಯಾರ ಹತ್ತಿರವೂ ಇರೋದಿಲ್ಲ. ನನ್ನ ಕೇಳಿದರೆ ಅದೇ ನಿಮ್ಮ ಅಸಲಿ ಕೆಲಸ.

ಹಕ್ಕಿ, ದಂಡೆ ಎರಡೂ ಒಂದೇ ಕಡೆ ಸಿಗೋದು ಬೇಕು ಅಂದ್ರೆ ಜೆಸಿಬಿ ಮಣ್ಣು ತೆಗೆದು ಬಿಟ್ಟ ಮಣ್ಣಿನ ಗೋಡೆಗಳನ್ನ ನೋಡಿ. ಮಾರ್ಚ್ ನಂತರ ಅಲ್ಲಿ ಕಳ್ಳಿಪೀರಗಳು, ಅಂದ್ರೆ ಜೇನ್ನೊಣ ತಿನ್ನೋ ಪುಟ್ಟ ಹಸಿರು ಹಕ್ಕಿಗಳು, ತೂತು ಕೊರೆದು ಗೂಡು ಮಾಡುತ್ತವೆ. ದೂರ ಕೂತು ನೋಡಿ. ಜೇನ್ನೊಣ ಹಿಡಿದು ತಂದದ್ದು ನೇರ ತೂತಿಗೆ ಹೋಗೋದಿಲ್ಲ. ಮೊದಲು ತಂತಿ ಮೇಲೆ ಕೂತು, ನೊಣವನ್ನ ಆ ಕಡೆ ಈ ಕಡೆ ಬಡಿದು, ಉಜ್ಜಿ, ಕೊಂಡಿ ತೆಗೆದು ಹಾಕುತ್ತದೆ. ಆಗ ಅದಕ್ಕೆ ಬೇರೆ ಕಡೆ ಗಮನ ಕಡಿಮೆ. 1/1000 ಶಟರ್‌ನಲ್ಲಿ (ಸೆಕೆಂಡಿನ ಸಾವಿರದಲ್ಲೊಂದು ಭಾಗ) ನಿಮ್ಮ 300ಕ್ಕೆ ಆರಾಮಾಗಿ ಸಿಗುತ್ತದೆ. ಹಿಂದೆ ಸ್ವಲ್ಪ ಮಸುಕಾಗಿ ಇಟ್ಟಂಗಿ ರಾಶಿಯೋ ಅರ್ಧ ಕೆಡವಿದ ಮನೆಯೋ ಬಂದರೆ, ಅಡ್ಡಿ ಅಂತ ಬದಿಗೆ ಸರಿಯಬೇಡಿ, ಅದನ್ನೂ ಒಳಗೆ ತಗೊಳ್ಳಿ.

ಗೂಡಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಬಿರುಸು, ಬೇಸರ ಮಾಡಿಕೊಳ್ಳಬೇಡಿ. ರಿವರ್ ಟರ್ನ್, ಪ್ರಾಟಿನ್‌ಕೋಲ್, ಟಿಟ್ಟಿಭದಂಥ ನೀರಿನಂಚಿನ ಹಕ್ಕಿಗಳೆಲ್ಲ ಬೇಸಿಗೆಯಲ್ಲಿ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಟಿಟ್ಟಿಭ ಬಿಸಿಲು ಜಾಸ್ತಿಯಾದಾಗ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ. ನೀವು ಹತ್ತಿರ ಹೋಗಿ ಅದನ್ನ ಎಬ್ಬಿಸಿದರೆ, ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೇಯೋದಕ್ಕೆ ಬಹಳ ಹೊತ್ತು ಬೇಡ. ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ನೀವು ಗೂಡಿನ ಹತ್ತಿರ ಇದ್ದೀರಿ ಅಂತ ಅರ್ಥ, ಬಂದ ಹೆಜ್ಜೆಯಲ್ಲೇ ವಾಪಸ್ ಬನ್ನಿ. ಗೂಡಿನ ಲೊಕೇಶನ್ ಗುಂಪಿಗೆ ಹಾಕಬೇಡಿ. ಅಡ್ಮಿನ್‌ರಿಗೂ ಇದನ್ನೇ ಹೇಳಿದ್ದೇನೆ.

ಬೇಸಿಗೆಯಲ್ಲಿ ಒಂಬತ್ತು ದಾಟಿದ ಮೇಲೆ ಕೆಸರಿನ ಮೇಲಿನ ಗಾಳಿ ಕುದಿಯೋ ನೀರಿನ ಹಾಗೆ ನಡುಗುತ್ತದೆ. ಆಗ ದೂರದ ಹಕ್ಕಿ ಎಂಥ ಲೆನ್ಸಿನಲ್ಲೂ ಮಸುಕು. ಫೋಕಸ್ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟವರಿದ್ದಾರೆ! ಕ್ಯಾಮೆರಾ ಚೀಲಕ್ಕೆ ಹಾಕಿ ಮನೆಗೆ ಹೋಗಿ. ಏಪ್ರಿಲ್, ಮೇನಲ್ಲಿ ಸಂಜೆ ಅಡ್ಡಮಳೆ ಬಿದ್ದರೆ ಮರುದಿನ ಬೆಳಿಗ್ಗೆ ತಪ್ಪಿಸಬೇಡಿ, ಧೂಳು ಇಳಿದು ಗಾಳಿ ತಿಳಿಯಾಗಿರುತ್ತದೆ. ಬಿಳಿ ಹಕ್ಕಿ ಕಪ್ಪು ಕೆಸರಿನ ಮೇಲಿದ್ದರೆ ಎಕ್ಸ್‌ಪೋಶರ್ ಮೈನಸ್ 0.7 ಮಾಡಿ (ಬೆಳಕು ಸ್ವಲ್ಪ ಕಡಿಮೆ ಬೀಳುತ್ತೆ), ಇಲ್ಲದಿದ್ದರೆ ಗರಿಯೆಲ್ಲ ಸುಣ್ಣ ಬಳಿದಂತೆ ಬರುತ್ತದೆ. ಹಾರೋ ಟರ್ನ್‌ಗೆ 1/2000 ಶಟರ್, ಐಎಸ್‌ಒ ಆಟೋ (ಬೆಳಕಿಗೆ ತಕ್ಕ ಸೂಕ್ಷ್ಮತೆಯನ್ನ ಕ್ಯಾಮೆರಾವೇ ಹೊಂದಿಸಿಕೊಳ್ಳುತ್ತೆ). ದಂಡೆ ಮೇಲೆ ಲೆನ್ಸ್ ಬದಲಿಸಬೇಡಿ, ಎರೆಮಣ್ಣಿನ ಧೂಳು ಸೆನ್ಸರಿಗೆ ಕೂತರೆ ಹೋಗೋದು ಕಷ್ಟ.

ಮೇಲೆ ಒಣಗಿ ಬಿರುಕು ಬಿಟ್ಟ ಕೆಸರನ್ನ ನಂಬಬೇಡಿ. ಕೆಳಗೆ ಹುದಲು, ಅಂದ್ರೆ ಹಸಿ ಕೆಸರು ಇರುತ್ತೆ, ಕಾಲು ತೊಡೆತನಕ ಹೋಗುತ್ತದೆ. ದನಗಳ ಹೆಜ್ಜೆ ಇರೋ ಕಡೆ ಮಾತ್ರ ನಡೆಯಿರಿ. ಹೊಳೆಯಲ್ಲಿ ಮೊಸಳೆಗಳಿವೆ, ನಿಮಗೆ ಗೊತ್ತೇ ಇದೆ. ಮಲಗಿ ತೆಗೆಯೋ ಆಸೆ ಇದ್ದರೆ ನೀರಿನ ಅಂಚಿನಲ್ಲಂತೂ ಬೇಡ. ಒಬ್ಬರೇ ಹೋಗಬೇಡಿ. ಮೀನು ಹಿಡಿಯೋ ಅಣ್ಣಂದಿರಿಗೆ ಮೊದಲೇ ಹೇಳಿಟ್ಟರೆ ಹಕ್ಕಿ ಎಲ್ಲಿವೆ, ಮೊಸಳೆ ಎಲ್ಲಿ ಬಿಸಿಲಿಗೆ ಬಿದ್ದಿರುತ್ತದೆ, ಎರಡೂ ಅವರೇ ಹೇಳುತ್ತಾರೆ.

ಮುಳುಗಡೆ ಮನೆಗಳ ಹತ್ತಿರ ಕ್ಯಾಮೆರಾ ಹಿಡಿದು ನಿಂತರೆ ಮೊದಲ ಪ್ರಶ್ನೆ "ಸರ್ವೇದವರೇನ್ರೀ?" ಅಂತ. ಪರಿಹಾರದ ತಕರಾರು ಇರೋ ಮನೆ ಇರಬಹುದು. ಮೊದಲು ಮಾತಾಡಿ, ಚಹಾ ಕುಡಿಯಿರಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ಕೆಡವೋ ಮುಂಚೆ ಅವರು ತೊಲೆ, ಜಂತಿ, ಬಾಗಿಲ ಚೌಕಟ್ಟು ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಾರೆ. ಗೋಡೆ ಬೀಳೋ ಫೋಟೋಗಿಂತ ಆ ಟ್ರ್ಯಾಕ್ಟರಿನದು ಹೆಚ್ಚು ಹೇಳುತ್ತದೆ. ತೆಗೆದದ್ದರ ಪ್ರಿಂಟ್ ಒಂದು ಅವರಿಗೆ ಕೊಟ್ಟುಬಿಡಿ. ಡ್ರೋನ್ ಆಸೆ ಬೇಡ. ಹಕ್ಕಿಗೂ ತೊಂದರೆ, ಅಣೆಕಟ್ಟಿನ ಕಡೆ ಹಾರಿಸಿದರೆ ನಿಮಗೂ ತೊಂದರೆ.

ಕಡೆಗೆ ಲೆನ್ಸ್. ಈ ಬೇಸಿಗೆ 70-300ರಲ್ಲೇ ಮುಗಿಸಿ. ರಾಜಹಂಸಗಳ ಹಿಂಡು, ಕಳ್ಳಿಪೀರ ಎಲ್ಲಕ್ಕೂ ಸಾಕು, ದಂಡೆಗೆ ಕಿಟ್ ಲೆನ್ಸ್ ಇದ್ದೇ ಇದೆ. ಚೌಕಟ್ಟಿನ ತುಂಬ ಟರ್ನ್ ಮುಖವೇ ಬೇಕು ಅನ್ನಿಸಿದರೆ 150-600 ಅನ್ನು ಎರಡು ದಿನ ಬಾಡಿಗೆಗೆ ತಗೊಂಡು ನೋಡಿ. ಸುಮಾರು ಎರಡು ಕೇಜಿ ತೂಕ, ಎರೆ ಹೊಲದಲ್ಲಿ ಹೊತ್ತು ನಡೆದ ಮೇಲೆ ಕೊಳ್ಳೋದೋ ಬಿಡೋದೋ ತೀರ್ಮಾನ ಮಾಡಿ. ಹೋಳಿ ಬಣ್ಣದ ದಿನಗಳಲ್ಲಿ ಮಾತ್ರ ಯಾವ ಲೆನ್ಸೂ ಹೊರಗೆ ತರಬೇಡಿ, ಬಾಗಲಕೋಟೆಯಲ್ಲಿ ಬಂಡಿಗಳಲ್ಲಿ ಹೇರಿಕೊಂಡು ಬಂದು ಎರಚೋ ಬಣ್ಣ ಕ್ಯಾಮೆರಾ ಅಂತ ನೋಡೋದಿಲ್ಲ. ದಂಡೆಯ ಸಾಲಿನ ಮೊದಲನೇ ಫೋಟೋ ಬಂದ ಮೇಲೆ ಇಲ್ಲೇ ಹಾಕಿ, ಜೊತೆಗೆ ಆ ದಿನದ ನೀರಿನ ಮಟ್ಟವನ್ನೂ ಬರೆಯಿರಿ.