‘ಪ್ಲೇಗ್ ರೂಪಾಯಿ’, ‘ಜ್ವರದ ರೂಪಾಯಿ’ ಅಂತ ಮಾರುವ ಹಳೇ ನಾಣ್ಯಕ್ಕೆ ಜಾಸ್ತಿ ದುಡ್ಡು ಕೊಡಬಹುದಾ?

ಕೊಡಬೇಡಿ. 1897ರ ಪ್ಲೇಗಿನದ್ದು, 1918ರ ಇನ್‌ಫ್ಲುಯೆಂಜಾದ್ದು ಅಂತ ಹೆಸರಿಟ್ಟು ಮಾರುತ್ತಾರಲ್ಲ, ಆ ಬೆಳ್ಳಿ ರೂಪಾಯಿಗಳ ಬಗ್ಗೆ ತಾನೇ ನೀವು ಕೇಳಿದ್ದು? ಓದಿ ಹೊಟ್ಟೆ ಉರಿಯಿತು. ನಿಜವಾದ ಜ್ವರದ ರೂಪಾಯಿ ಒಂದು ನಮ್ಮ ಮನೆಯಲ್ಲೇ ಇತ್ತು. ಅದನ್ನು ಬರೀ ರೂಪಾಯಿ ಮಾಡಿದವನು ನಾನೇ.

ನಮ್ಮದು ಭಾಗಮಂಡಲದ ಕಡೆ. 2019ರ ಮಳೆಗಾಲ ಕಳೆದ ಮೇಲೆ ಹಂಚು ಬದಲಾಯಿಸಬೇಕು ಅಂತ ಅಟ್ಟ ಖಾಲಿ ಮಾಡುತ್ತಿದ್ದೆವು. ಮರದ ಪೆಟ್ಟಿಗೆಯ ಮೂಲೆಯಲ್ಲಿ ಹಳದಿ ಬಟ್ಟೆಯ ಸಣ್ಣ ಗಂಟು ಸಿಕ್ಕಿತು. ಬಟ್ಟೆ ಎಷ್ಟು ಹಳೇದು ಅಂದರೆ ಬಿಚ್ಚುವಾಗಲೇ ಪುಡಿಯಾಯಿತು. ಒಳಗೆ ಅರಿಶಿನ ಮೆತ್ತಿಕೊಂಡ, ಕಪ್ಪಾದ ಐದನೇ ಜಾರ್ಜ್ ರೂಪಾಯಿ. ಜೊತೆಗೆ ಲೆಕ್ಕದ ಪುಸ್ತಕದಿಂದ ಹರಿದ ಒಂದು ಚೂರು ಕಾಗದ. ಅದರಲ್ಲಿ ‘ಕಾಳಯುಕ್ತಿ’ ಅಂತ ಮಾತ್ರ ಓದಲು ಆಯಿತು. ಯಾರದೋ ಹೆಸರಿರಬೇಕು ಅಂದುಕೊಂಡೆ!

ಈಗ ನನ್ನ ಘನಕಾರ್ಯ ಕೇಳಿ. ಬಟ್ಟೆ, ಕಾಗದ ಎರಡನ್ನೂ ಹಂಡೆ ಒಲೆಗೆ ಹಾಕಿದೆ. ಅಮ್ಮ ಅಂಗಳದಲ್ಲಿ ಹುಣಸೆಹಣ್ಣು, ಬೂದಿ ಹಾಕಿ ದೀಪ ಉಜ್ಜುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ರೂಪಾಯಿಯನ್ನು ತಿಕ್ಕಿದೆ. ಅರಿಶಿನ ಹೋಯಿತು, ಕಪ್ಪು ಹೋಯಿತು, ರಾಜನ ಗಡ್ಡ ಹೊಳೆಯಿತು. 1918 ಅಂತ ಇಸವಿ ಕಂಡಾಗ ನಿಧಿ ಸಿಕ್ಕಷ್ಟು ಖುಷಿ.

2020ರ ಲಾಕ್‌ಡೌನಿನಲ್ಲಿ ಅಮ್ಮ ಮಾತಿಗೆ ಹೇಳಿದರು: “ನಿನ್ನ ಮುತ್ತಜ್ಜಿ ಕಾಲದಲ್ಲೂ ಹೀಗೇ ಜ್ವರ ಬಂದಿತ್ತಂತೆ. ಮಕ್ಕಳು ಉಳಿಯಲಿ ಅಂತ ಪಾಡಿ ಇಗ್ಗುತ್ತಪ್ಪನಿಗೆ ಮುಡಿಪು ಕಟ್ಟಿದ್ದರಂತೆ. ಎಲ್ಲಿಟ್ಟರೋ ಗೊತ್ತಿಲ್ಲ.” ಎದೆ ಧಸಕ್ಕೆಂದಿತು. ಹಳೇ ಪಂಚಾಂಗದ ಲೆಕ್ಕ ಹಾಕಿದೆ. ಕಾಳಯುಕ್ತಿ ಸಂವತ್ಸರ ಅಂದರೆ 1918ರ ಯುಗಾದಿಯಿಂದ 1919ರ ಯುಗಾದಿವರೆಗೆ. ಜೂನಿನಲ್ಲಿ ಬೊಂಬಾಯಿಗೆ ಬಂದ ಜ್ವರ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇನ್ನೂ ಕೆಟ್ಟದಾಗಿ ತಿರುಗಿ ಬಂದ ವರ್ಷ ಅದೇ.

ಆಮೇಲೆ ಮೈಸೂರಿನಲ್ಲಿ ಒಬ್ಬ ವ್ಯಾಪಾರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಎರಡು ಸೆಕೆಂಡ್ ನೋಡಿದವನೇ “ತೊಳೆದಿದ್ದೀರಾ?” ಅಂದ. ಬೂದಿ ಗೀಚಿದ ಗೆರೆಗಳು ಕೂದಲಿನ ಹಾಗೆ ಎದ್ದು ಕಾಣುತ್ತಿದ್ದವು. ಬೆಳ್ಳಿ ರೇಟಿಗಾದರೆ ತಗೊಳ್ತೀನಿ ಅಂದ. ಮುಡಿಪಿನ ಕಥೆ ಹೇಳಿದೆ. “ಬಟ್ಟೆ ಎಲ್ಲಿ ಸಾರ್?”

ತೊಳೆದದ್ದು ಸಣ್ಣ ತಪ್ಪು ಅಂತ ಈಗಲೂ ನನಗನ್ನಿಸುತ್ತದೆ. ಎಲ್ಲರೂ ತೊಳೆದು ಕೆಡಿಸುತ್ತಾರೆ. ಸುಟ್ಟದ್ದೇ ದೊಡ್ಡದು. 1918ರ ರೂಪಾಯಿಯನ್ನು ಬೊಂಬಾಯಿ, ಕಲ್ಕತ್ತಾ ಎರಡೂ ಟಂಕಸಾಲೆ ಸೇರಿ 40 ಕೋಟಿಗೂ ಜಾಸ್ತಿ ಹೊಡೆದಿವೆ. ಜ್ವರಕ್ಕಲ್ಲ, ಮೊದಲನೇ ಮಹಾಯುದ್ಧದ ಖರ್ಚಿಗೆ. ಬೆಳ್ಳಿ ಸಾಲದೆ ಅಮೆರಿಕದವರು ತಮ್ಮ ಬೆಳ್ಳಿ ಡಾಲರ್ ಕರಗಿಸಿ ಸುಮಾರು 20 ಕೋಟಿ ಔನ್ಸ್ ಮಾರಿದರು. 40 ಕೋಟಿಯಲ್ಲಿ ಒಂದು ಮಾತ್ರ ನಮ್ಮ ಮುತ್ತಜ್ಜಿಯದು. ಅದು ಯಾವುದು ಅಂತ ಹೇಳಲು ಇದ್ದದ್ದು ಆ ಅರಿಶಿನ, ಆ ಬಟ್ಟೆ, ಆ ಚೂರು ಕಾಗದ. ಎರಡು ಹಂಡೆ ನೀರು ಕಾಯಲಿಲ್ಲ ಅದರಲ್ಲಿ.

ಹಾಗಾಗಿ ‘ರೋಗದ ಕಾಲದ ನಾಣ್ಯ’ ಅನ್ನುವ ಜಾತಿಯನ್ನೇ ನಾನು ಒಪ್ಪುವುದಿಲ್ಲ. ಯುರೋಪಿನಲ್ಲಿ 16ನೇ ಶತಮಾನದಲ್ಲಿ ಪ್ಲೇಗ್ ತಟ್ಟದಿರಲಿ ಅಂತ ಬೈಬಲಿನ ಮೋಸೆಸ್‌ನ ಹಾವಿನ ಚಿತ್ರ ಹಾಕಿ ಬೆಳ್ಳಿ ಬಿಲ್ಲೆ ಮಾಡಿದ್ದರು, ಅದು ಬೇರೆ. ನಮ್ಮ ರೂಪಾಯಿಗೆ ಪ್ಲೇಗೂ ಗೊತ್ತಿಲ್ಲ, ಜ್ವರವೂ ಗೊತ್ತಿಲ್ಲ. ಮಾರುವವನಿಗೆ ಮಾತ್ರ ಗೊತ್ತು.

ಆದರೂ ಆಸೆ ಇದ್ದರೆ 1918ರದ್ದು ಬೊಂಬಾಯಿಯದನ್ನೇ ತಗೊಳ್ಳಿ. ಜ್ವರ ಹಡಗಿನಿಂದ ಇಳಿದ ಊರು ಅದೇ ಅಲ್ವಾ. ಹಿಂಬದಿಯಲ್ಲಿ ಕೆಳಗಿನ ಕಮಲದ ಬುಡಕ್ಕೆ ಸಣ್ಣ ಚುಕ್ಕೆ ಇರುತ್ತದೆ, ಕಲ್ಕತ್ತಾದ್ದಕ್ಕೆ ಇರುವುದಿಲ್ಲ. ತೂಕ 11.66 ಗ್ರಾಂ. ತೀರಾ ಕಡಿಮೆ ಬಂದರೆ ವಾಪಸ್ ಕೊಡಿ. ಬೆಳ್ಳಿ ಉಳಿಸಲು ಅದೇ ವರ್ಷ ಹೊರಟ ಚೌಕದ ಎರಡಾಣೆ ಅಗ್ಗಕ್ಕೆ ಸಿಗುತ್ತದೆ. ನನ್ನ ಪ್ರಕಾರ ಆ ಕಾಲದ ಕಷ್ಟ ಹೇಳುವುದು ಅದೇ ಚೆನ್ನಾಗಿ.

ನೀವೂ ಕೊಡಗಿನವರಾದರೆ ಮೊದಲು ಮನೆಯ ಹಿರಿಯರನ್ನು ಕೇಳಿ. ನಮ್ಮ ಪಕ್ಕದ ಮನೆಯ ಕೊಡವ ಆಂಟಿಯ ಪತ್ತಾಕ್ ಸರದಲ್ಲಿರುವ ಪವನು, ಅಂದರೆ ಬ್ರಿಟಿಷರ ಚಿನ್ನದ ನಾಣ್ಯ, 1918ರದ್ದು. ಇಸವಿಯ ಮೇಲೆ ಚುಕ್ಕಿಯಷ್ಟು ಸಣ್ಣದಾಗಿ ಇಂಗ್ಲಿಷಿನ ‘ಐ’ ಅಕ್ಷರ ಇದೆ. ಅಂದರೆ ಬೊಂಬಾಯಿಯಲ್ಲೇ ಹೊಡೆದದ್ದು. ಬೊಂಬಾಯಿಯ ಪವನಿನ ಮೇಲೆ ಆ ಒಂದೇ ಇಸವಿ ಇರುವುದು. ಆಂಟಿ ಅದನ್ನು ಮುಟ್ಟಲೂ ಬಿಡಲಿಲ್ಲ. ನನ್ನ ಕೈಗುಣ ಊರಿಗೇ ಗೊತ್ತು.

ನಮ್ಮ ರೂಪಾಯಿ ಈಗ ಬೀರುವಿನಲ್ಲಿದೆ. ಇಗ್ಗುತ್ತಪ್ಪನ ಗುಡಿ ಇರುವ ಕಕ್ಕಬ್ಬೆಗೆ ಹೋಗಿ ಹರಕೆ ತೀರಿಸಿ ಬರೋಣ ಅಂತ ಅಮ್ಮ ವರ್ಷಾ ವರ್ಷ ಹೇಳುತ್ತಾರೆ. ನನಗೇ ಮನಸ್ಸು ಬರುತ್ತಿಲ್ಲ. ತೊಳೆದ ನಾಣ್ಯ ಆದರೂ ಇಗ್ಗುತ್ತಪ್ಪ ಬೇಡ ಅನ್ನುವುದಿಲ್ಲವಂತೆ.