ಜ್ವರ ಅಂದರೆ ಬರೀ ಡೆಂಗಿಯಾ?

ವಿಜಯಪುರದಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದೀರಿ, ಜ್ವರ ಅಂದ ಕೂಡಲೇ ಮನಸ್ಸು ಡೆಂಗಿಗೇ ಓಡುತ್ತದೆ, ತಿದ್ದಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ ರೀ.

ರಿಪೋರ್ಟ್ ನೋಡುವ ಮೊದಲೇ ರೋಗಿಯ ಕಥೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಹೊಲದಲ್ಲಿ ದುಡಿಯುವ 45 ವರ್ಷದ ಹೆಣ್ಣುಮಗಳು, 8 ದಿನದ ಜ್ವರ, ತಲೆನೋವು’ ಅಂದಾಗ ಸ್ಕ್ರಬ್ ಟೈಫಸ್ (ಪೊದೆ, ಹುಲ್ಲಿನಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ) ಕೂಡ ನೆನಪಾಗುತ್ತದೆ. ಆಗ ಕಂಕುಳು, ತೊಡೆಸಂದಿ, ಸ್ತನದ ಕೆಳಗೆ ಅದು ಕಚ್ಚಿದ ಜಾಗದ ಕಪ್ಪು ಹೊಪ್ಪಳೆ ಇದೆಯಾ ಅಂತ ನೋಡುತ್ತೀರಿ. ಸುಮ್ನೆ ಕಣ್ಣಿಗೆ ಬೀಳುವ ಗುರುತಲ್ಲ ಅದು. ಸಿಗದಿದ್ದರೂ ಆ ಕಾಯಿಲೆಯನ್ನು ಪಟ್ಟಿಯಿಂದ ತೆಗೆಯಬೇಡಿ. ಪ್ಲೇಟ್‌ಲೆಟ್ ಡೆಂಗಿ, ಸ್ಕ್ರಬ್ ಟೈಫಸ್ ಎರಡರಲ್ಲೂ ಇಳಿಯಬಹುದು. ಆದರೆ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಇದೆ, ತಡವಾದರೆ ಜೀವಕ್ಕೇ ಅಪಾಯ.

ಇನ್ನೊಂದು. ನೀವು ನೋಡಿದ ರೋಗಿಗೆ ಕೊನೆಗೆ ಏನಾಯಿತು ಅಂತ ವಿಚಾರಿಸಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಗ ಪತ್ತೆಹಚ್ಚುವಾಗ ಯೋಚಿಸುವ ಬಗೆಯನ್ನು ಕಲಿಸುವ ವೈದ್ಯ ಗುರ್‌ಪ್ರೀತ್ ಧಾಲಿವಾಲ್ ಒತ್ತಿ ಹೇಳುವುದೂ ಇದನ್ನೇ. ವಾರ್ಡ್ ಬದಲಾದರೂ ಬಿಡಬೇಡಿ.